ನೀನು ಮಾಡಿಕೊಟ್ಟ ಸ್ಟ್ಯಾಂಡಿನ ವಿಷಯ

ಗೆಳೆಯ ರಫೀಕನಿಗೆ,

ನೀನು ಹೋಗಿ ಎಂಟು ತಿಂಗಳಾಯಿತು. ಅಳುವುದೆಲ್ಲ ಅತ್ತಾಗಿದೆ, ಇದು ಅದಕ್ಕೆ ಬರೆದ ಪತ್ರವಲ್ಲ. ನನಗೆ ಸಿಟ್ಟು ಬಂದಿದೆ. ಒಂದಿಷ್ಟು ನಿನ್ನ ಮೇಲೆ, ಮಿಕ್ಕಿದ್ದೆಲ್ಲ ನನ್ನ ಮೇಲೆ. ಬದುಕಿದ್ದಾಗ ಒಂದು ದಿನವೂ ನನ್ನ ಮಾತು ಪೂರ್ತಿ ಕೇಳಿದವನಲ್ಲ ನೀನು. ಈಗಲಾದರೂ ನಡುವೆ ಬಾಯಿ ಹಾಕದೆ ಕೇಳು.

ನಾನು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರ ನೆನಪಿದೆಯಾ? ರೇಷ್ಮೆಹುಳು ಮನೆಯ ಶೀಟು ಸರಿಮಾಡಲು ಹತ್ತಿ, ಶೀಟು ಮುರಿದು ಬಿದ್ದು, ಬೆನ್ನುಹುರಿಗೆ ಏಟಾಗಿ, ಸೊಂಟದಿಂದ ಕೆಳಗೆ ಚಿವುಟಿದರೂ ಗೊತ್ತಾಗದಂತಾಗಿತ್ತು. ಬಂದವರೆಲ್ಲ "ಪಾಪ, ಮಲಗಿರ್ಲಿ ಬುಡಿ, ಅಲ್ಲಾಡಿಸ್ಬ್ಯಾಡಿ" ಅಂದು ಕಾಫಿ ಕುಡಿದು ಹೋದರು. ನೀನೊಬ್ಬ ಚನ್ನಪಟ್ಟಣದಿಂದ ಬೈಕಿನಲ್ಲಿ ವಿರೂಪಾಕ್ಷಿಪುರಕ್ಕೆ ಬಂದವನೇ ಟೇಪು ತೆಗೆದು ನನ್ನ ಉದ್ದ ಅಳೆಯತೊಡಗಿದೆ.

"ಇನ್ನೂ ಸತ್ತಿಲ್ಲ ಕಣ್ಲಾ, ಯಾಕ್ಲಾ ಅಳತೆ ತಗೀತೀಯ?" ಅಂದೆ.

"ಸುಮ್ಕಿರ್ಲಾ ಶಿವ. ಫಿಸಿಯೋ ಮೇಡಂನ ಕೇಳ್ಕಂಡೇ ಬಂದಿವ್ನಿ. ಕಾಲ್ ಮೇಲೆ ಭಾರ ಬೀಳ್ದೆ ಹೋದ್ರೆ ಮೂಳೆ ಟೊಳ್ಳಾಗ್ಬುಡ್ತದಂತೆ, ಮಾಂಸ ಕರಗೋಯ್ತದಂತೆ. ದಿನಾ ಅರ್ಧ ಗಂಟೆ ಬೆಲ್ಟ್ ಕಟ್ಟಿ ನಿಲ್ಲಿಸ್ಬೇಕು."

ಹದಿನೈದು ದಿನಕ್ಕೆ ಸ್ಟ್ಯಾಂಡು ಬಂತು. ತೇಗದ ಕಂಬ, ಮಂಡಿಗೆ ಮೆತ್ತೆ, ಸೊಂಟಕ್ಕೆ ಬೆಲ್ಟು, ಎದೆಯ ಮಟ್ಟಕ್ಕೆ ಹಲಗೆ, ಎರಡೂ ಕಡೆ ಹಿಡಿ. ಮೇಡಂ ಬಂದು ನೋಡಿ ಒಂದು ತಪ್ಪೂ ಹಿಡಿಯಲಿಲ್ಲ. ಆದರೆ ರಫೀಕ, ಆ ಹಿಡಿಗಳಿಗೆ ಅರಗಿನ ಬಣ್ಣ ಹಾಕು ಅಂತ ನಿನಗೆ ಹೇಳಿದ್ದು ಯಾರು? ಕೆಂಪು, ಹಳದಿ, ಹಸಿರು. ಮೂವತ್ತು ವರ್ಷ ಬೊಂಬೆ ಕಡೆದ ಕೈಗೆ ಮರವನ್ನು ಬರಿದಾಗಿ ಬಿಡಲು ಮನಸ್ಸು ಬರಲಿಲ್ಲವೇನೋ. ಮಕ್ಕಳು ನಡೆಯಲು ಕಲಿಯುವ ಗಾಡಿಯ ಹಾಗೇ ಇತ್ತು. ಪಕ್ಕದ ಮನೆಯವನು ಇಣುಕಿ "ನಮ್ ಗೌಡ್ರು ಅಂಬೆಗಾಲು ಬುಟ್ಟು ಈಗ ನಿಂತ್ಕಳೋದು ಕಲೀತಾವ್ರೆ" ಅಂದು ನಕ್ಕ. ನಲವತ್ತಾರು ವರ್ಷದ ಗಂಡಸು ನಾನು. ಅಷ್ಟೇ ಸಾಕಾಯಿತು.

ನಿನಗೆ ಗೊತ್ತಾಗದೆ ಹೋದದ್ದು ಇದು: ನಾನು ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ನೀನು ಫೋನ್ ಮಾಡಿ "ನಿಂತ್ಕಂಡ್ಯಾ?" ಅನ್ನುತ್ತಿದ್ದೆ, ನಾನು ಮಂಚದ ಮೇಲೆ ಮಲಗಿಕೊಂಡೇ "ಹೂಂ ಕಣ್ಲಾ, ಅರ್ಧ ಗಂಟೆ" ಅನ್ನುತ್ತಿದ್ದೆ. ಭಾನುವಾರ ನೀನು ಬಂದಾಗ ಮಾತ್ರ ಬೆಲ್ಟು ಕಟ್ಟಿಸಿಕೊಂಡು ನಿಲ್ಲುತ್ತಿದ್ದೆ. ಮಿಕ್ಕ ದಿನ ನನ್ನ ಹೆಂಡತಿ ರತ್ನ ಅದರ ಮೇಲೆ ಟವೆಲ್ ಒಣಗಿಸುತ್ತಿದ್ದಳು. "ಆ ಅಣ್ಣಂಗೆ ಹೇಳ್ಬುಡ್ತೀನಿ" ಅಂತ ಎಷ್ಟು ಸಲ ಹೆದರಿಸಿದಳೋ. ಹೇಳಿದರೆ ನನ್ನಾಣೆ ಅಂದು ಬಾಯಿ ಮುಚ್ಚಿಸಿದೆ. ಎರಡು ವರ್ಷ ಹೀಗೇ. ನೀನೋ, ಟೀ ಅಂಗಡಿಯಲ್ಲೆಲ್ಲ ನನ್ನನ್ನು ಹೊಗಳಿಕೊಂಡು ತಿರುಗಿದೆ. ಸ್ವಲ್ಪ ಅನುಮಾನವಾದರೂ ಪಡಬಾರದಿತ್ತೇ? ಎದೆನೋವು ಬರುವ ಹಿಂದಿನ ದಿನವೂ ನೀನು ಕೇಳಿದ್ದು ಅದೇ, ನಾನು ಹೇಳಿದ್ದೂ ಅದೇ.

ನಿನ್ನ ಮಣ್ಣಿಗೆ ಬರಲು ರತ್ನನೂ ಆಟೋದವನೂ ನನ್ನನ್ನು ಎತ್ತಿ ಸೀಟಿಗೆ ಹಾಕಿದರು. ಬಲಗಾಲು ಸೀಟಿನ ಕೆಳಗೆ ಸಿಕ್ಕಿತ್ತು, ಎಳೆದರು. ಏನೋ ಲಟಕ್ ಅಂದಿತು. ಸೀಟಿನ ಹಲಗೆ ಅಂದುಕೊಂಡೆವು. ಖಬರಸ್ತಾನದ ಗೇಟಿನ ಹತ್ತಿರ ಎರಡು ಗಂಟೆ ಕೂತಿದ್ದೆ ರಫೀಕ, ತೊಡೆಯ ಮೂಳೆ ಮುರಿದುಕೊಂಡು. ನೋವಾಗಿದ್ದರೆ ತಾನೇ ಗೊತ್ತಾಗುವುದು? ಮನೆಗೆ ಬಂದು ಪ್ಯಾಂಟು ತೆಗೆದಾಗ ಮಂಡಿಯ ಮೇಲೆ ಊದಿ ಬಿಸಿಯಾಗಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು, ಮೂಳೆ ತುಂಬಾ ತೆಳುವಾಗಿದೆ, ಅಷ್ಟು ಸಣ್ಣ ತಿರುವೇ ಸಾಕಾಗಿದೆ ಅಂದರು.

ಆಮೇಲೆ ಊರು ಮಾತಾಡಲು ಶುರುಮಾಡಿತು. "ಆ ಬಣ್ಣದ ಸ್ಟ್ಯಾಂಡಲ್ಲಿ ದಿನಾ ನಿಲ್ಸಿ ನಿಲ್ಸಿನೇ ಮೂಳೆ ಸವೆದೋಗೈತೆ. ಬೊಂಬೆ ಮಾಡೋನಿಗ್ಯಾಕೆ ಡಾಕ್ಟ್ರ ಕೆಲ್ಸ?" ನಾನು ದಿನವೂ ನಿಂತೆ ಅಂತ ಊರಿಗೆಲ್ಲ ಸಾರಿದವನು ನೀನೇ ಅಲ್ಲವೇ. ಈಗ ತಪ್ಪು ನಿನ್ನ ತಲೆಗೆ ಬಂತು. ನಾನು ಸುಮ್ಮನಿದ್ದೆ. ಪ್ಲೇಟು ಹಾಕಿಸಿಕೊಂಡು, ಗೋಡೆ ನೋಡಿಕೊಂಡು, ತಿಂಗಳುಗಟ್ಟಲೆ ಸುಮ್ಮನಿದ್ದೆ. ಒಂದು ಮಾತು ಹೇಳಲು ನನಗೇನಾಗಿತ್ತು?

ಹೋದ ವಾರ ನಿನ್ನ ಹೆಂಡತಿ ಶಬಾನಾ ನನ್ನನ್ನು ನೋಡಲು ಬಂದರು. ಬಾಗಿಲಲ್ಲೇ ನಿಂತು, "ನಮ್ಮೋರು ಗೊತ್ತಿಲ್ದೆ ಮಾಡ್ಬಿಟ್ರು ಅಣ್ಣ, ಮಾಫ್ ಮಾಡಿ" ಅಂದರು. ದೊಡ್ಡಆಲಹಳ್ಳಿಯ ಒಬ್ಬರು, ಅವರೂ ನನ್ನ ಹಾಗೇ ಬೆನ್ನಿಗೆ ಏಟು ಮಾಡಿಕೊಂಡವರು, ನಿನ್ನ ಹತ್ತಿರ ಸ್ಟ್ಯಾಂಡು ಮಾಡಿಕೊಡಲು ಹೇಳಿದ್ದರಂತಲ್ಲ. ನನ್ನ ಕಾಲಿನ ಸುದ್ದಿ ಕೇಳಿ ಬೇಡ ಅಂದರಂತೆ. ಅರ್ಧ ಮಾಡಿದ್ದು ಅಂಗಡಿಯಲ್ಲಿ ಹಾಗೇ ಬಿದ್ದಿದೆಯಂತೆ. ಅವರು ಈಗ ದಿನವಿಡೀ ಮಲಗಿಯೇ ಇರುತ್ತಾರಂತೆ. ನಾನು ಇದ್ದ ಹಾಗೆಯೇ.

ಹೇಳಿಬಿಟ್ಟೆ. ಎಲ್ಲ ಹೇಳಿದೆ. ಡಾಕ್ಟರಿಗೊಬ್ಬರಿಗೆ ಮಾತ್ರ ಮೊದಲೇ ನಿಜ ಹೇಳಿದ್ದೆ. ನಿಂತಿದ್ದರೆ ಮೂಳೆ ಮುರಿಯುತ್ತಲೇ ಇರಲಿಲ್ಲ ಅಂತ ಡಾಕ್ಟರು ಗ್ಯಾರಂಟಿ ಕೊಡಲಿಲ್ಲ, ಆದರೆ ಮಲಗಿಯೇ ಇದ್ದವನಿಗೆ ಸ್ಟ್ಯಾಂಡಿನಿಂದ ಹೇಗೆ ಮುರಿಯುತ್ತದೆ ಅಂತ ಕೇಳಿದರು, ಅದನ್ನೂ ಹೇಳಿದೆ. ಶಬಾನಾ ಅಳಲಿಲ್ಲ. "ಅವ್ರು ದಿನಾ ನಿಮ್ಗೆ ಫೋನ್ ಮಾಡಿದ್ಮೇಲೇನೇ ಊಟಕ್ಕೆ ಕೂರೋರು" ಅಂದರು. ಆಮೇಲೆ ತಮ್ಮ ಫೋನಿನಲ್ಲಿ ದೊಡ್ಡಆಲಹಳ್ಳಿಯ ನಂಬರ್ ಒತ್ತಿ, ಸ್ಪೀಕರ್ ಹಾಕಿ, ನನ್ನ ಮುಂದಿಟ್ಟರು. "ಈಗ ಇವ್ರಿಗೆ ಹೇಳಿ. ನನ್ನೆದುರಿಗೇ."

ಹೇಳಿದೆ ರಫೀಕ. ನಾನು ಸುಳ್ಳ, ರಫೀಕ ಮಾಡಿದ್ದು ಸರಿಯಾಗಿತ್ತು, ನಿಮ್ಮ ಡಾಕ್ಟರನ್ನು ಕೇಳಿ ನಿಲ್ಲಿ ಅಂದೆ.  ಆ ಕಡೆ ಅವರ ಹೆಂಡತಿ ಫೋನ್ ತಗೊಂಡು "ಹಂಗಾದ್ರೆ ಮುಗಿಸ್ಕೊಡಿ, ಬಂದು ತಕಂಡೋಯ್ತೀವಿ" ಅಂದರು. ನಿನ್ನ ಪಕ್ಕದ ಅಂಗಡಿಯವರು ಉಳಿದ ಕೆಲಸ ಮುಗಿಸುತ್ತಿದ್ದಾರೆ. ನನಗೆ ಮುಂದಿನ ತಿಂಗಳು ಇನ್ನೊಂದು ಎಕ್ಸ್‌ರೇ ಇದೆ. ಡಾಕ್ಟರು ಸರಿ ಅಂದರೆ ನಾನೂ ನಿಲ್ಲುತ್ತೇನೆ, ಬೀದಿ ಬಾಗಿಲು ತೆರೆದಿಟ್ಟುಕೊಂಡೇ.

ಅವತ್ತು ಶಬಾನಾ ಫೋನ್ ಎತ್ತಿಕೊಂಡು, ರತ್ನ ತಂದ ಕಾಫಿ ಮುಟ್ಟದೆ ಹೊರಟುಹೋದರು. ದಿನಾ ಮಧ್ಯಾಹ್ನ ಅವರಿಗೆ ಫೋನ್ ಮಾಡುತ್ತಿದ್ದೇನೆ. ಇನ್ನೂ ಎತ್ತಿಲ್ಲ.

ನಿನ್ನ,
ಶಿವ