ಉಪವಾಸದಲ್ಲಿ ಅಗಿಯುವ ಬಾಯಿ

ಫೆಬ್ರವರಿ 11, ಮಂಗಳವಾರ

ಆಸ್ಪತ್ರೆಯಲ್ಲಿ ಮತ್ತೆ ತಂತಿಗಳು. ಕೆನ್ನೆಗೆ ಎರಡು, ಗದ್ದದ ಕೆಳಗೆ ಎರಡು, ಗದ್ದದ ತುದಿಗೆ ಅಂಗಿ ಗುಂಡಿಯಷ್ಟು ಸೆನ್ಸರ್. ರಿಕಾರ್ಡಿಂಗ್ ಮಾಡುವ ಹುಡುಗಿ ಇಬ್ತಿಹೆಲ್, ಏನೂ ಮಾಡದೆ ಕೂತಿರಿ ಖಾಲಾ ಎಂದಳು; ದೊಡ್ಡ ಹೆಂಗಸರೆಲ್ಲ ಅವಳಿಗೆ ಖಾಲಾ, ಚಿಕ್ಕಮ್ಮ. ಅದೊಂದೇ ತಾನೇ ನನಗೆ ಬಾರದ್ದು! ದವಡೆ ತನ್ನಷ್ಟಕ್ಕೆ ಅಗಿಯುತ್ತದೆ, ತುಟಿ ಚಪ್ಪರಿಸುತ್ತದೆ. ಹೊಟ್ಟೆ ತೊಳಸದಿರಲೆಂದು ವರ್ಷಗಟ್ಟಲೆ ನುಂಗಿದ ಬಿಳಿ ಮಾತ್ರೆ ಕೊಟ್ಟ ಬಹುಮಾನ. ಅಕ್ಟೋಬರಿನಲ್ಲೇ ಡಾಕ್ಟರ್ ಮಾತ್ರೆ ನಿಲ್ಲಿಸಿದರು. ಬಾಯಿ ನಿಂತಿಲ್ಲ. ಇಳಿಯಬಹುದು, ಇಳಿಯದೆಯೂ ಇರಬಹುದು... ಅದಕ್ಕೇ ಈ ಅಳತೆ.

ಹೊಲಿಯುವಾಗ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಳ್ಳುವುದನ್ನೂ ಬಿಟ್ಟಾಯಿತು.

ಫೆಬ್ರವರಿ 27

ರಂಜಾನ್ ಹತ್ತಿರ ಬಂತು.

ಹೋದ ರಂಜಾನಿನಲ್ಲಿ ಅತ್ತೆ ತೀರಿಕೊಂಡರು. ಪಕ್ಕದಲ್ಲೇ ಅಳುತ್ತ ಕೂತಿದ್ದೆ. ಬಾಯಿ ಅದರ ಪಾಡಿಗೆ ಅದು. ಕೆಳಗಿನ ಮನೆಯಲ್ಲಿರುವ ಗಂಡನ ಅಕ್ಕ ಮೊಂಜಿಯಾ ಹೆಂಗಸರೆಲ್ಲರ ಎದುರೇ ಅಂದಳು: "ನಮ್ಮಮ್ಮನ ಹೆಣದ ಮುಂದೆ, ಉಪವಾಸದಲ್ಲಿ, ಗಮ್ ಅಗೀತಾ ಕೂತಿದಾಳೆ ನೋಡಿ."

ಅಂದಿನಿಂದ ಮಾತಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಗೋಡೆಗೆ ಮುಖ ಮಾಡುತ್ತಾಳೆ. ಮದುವೆಯಾದಾಗಿನಿಂದ ಒಂದೇ ಹರಿವಾಣದಲ್ಲಿ ಕುಸ್‌ಕುಸ್ ಅಡುಗೆಗೆ ರವೆ ಉಜ್ಜಿದವರು ನಾವು. ಕಾಯಿಲೆ ಎಂದು ಹೇಳಿಕಳಿಸಿದ್ದೆ. ಮಾತಾಡುವಾಗ ನಿಲ್ಲುವ ಕಾಯಿಲೆ ಅದೆಂಥದ್ದು ಎಂದಳಂತೆ. ನಿಜ, ಮಾತಾಡುವಾಗ ನಿಲ್ಲುತ್ತದೆ. ಅದೇ ನನಗೆ ಮುಳುವಾಯಿತು. ಅವಳು ನಂಬದಿದ್ದರೆ ಈ ಮನೆಯಲ್ಲಿ ನನಗೆ ಯಾರಿದ್ದಾರೆ?

ಮಾರ್ಚ್ 5, ಬುಧವಾರ

ಬಸ್ಸಿನಲ್ಲಿ ಒಬ್ಬ ಮುದುಕ, ಉಪವಾಸದಲ್ಲಿ ಅಗಿಯಲು ನಾಚಿಕೆಯಾಗುವುದಿಲ್ಲವೇ ಎಂದ. ಬಾಯಿ ಆ ಎಂದು ತೆರೆದು ನಾಲಗೆ ಸಮೇತ ತೋರಿಸಿದೆ. ಪಾಪ, ಸ್ಫಾಕ್ಸ್ ಪಟ್ಟಣ ಮುಟ್ಟುವ ತನಕ ಕಿಟಕಿ ಬಿಟ್ಟು ಇತ್ತ ತಿರುಗಲಿಲ್ಲ.

ಇಬ್ತಿಹೆಲ್ ಫೋನ್. ಹೋಲಿಸಿ ನೋಡಲು ನನ್ನ ವಯಸ್ಸಿನ, ಆರೋಗ್ಯವಾಗಿರುವ ಹೆಂಗಸು ಬೇಕಂತೆ. ತಲೆಗೆ ಬಂದದ್ದು ಒಂದೇ ಹೆಸರು. ಗಂಡ ರಿಧಾನನ್ನು ಕೆಳಗೆ ಅಟ್ಟಿದೆ. ರಿಧಾ ಕಣ್ಣರಳಿಸಿಕೊಂಡು ವಾಪಸ್ ಬಂದ.

"ಬರ್ತಾಳಂತೆ ಕಣೇ. ನಿನ್ನ ಬಣ್ಣ ಬಯಲು ಮಾಡ್ತಾಳಂತೆ."

ಮಾರ್ಚ್ 10, ಸೋಮವಾರ

ಟ್ಯಾಕ್ಸಿಯಲ್ಲಿ ಅವಳು ಮುಂದೆ, ನಾನು ಹಿಂದೆ.

ಮೊದಲು ನನ್ನದು. ಕಂಪ್ಯೂಟರಿನಲ್ಲಿ ಗೆರೆ ಎದ್ದು ಬಿದ್ದು, ಎದ್ದು ಬಿದ್ದು... ಆಮೇಲೆ ಮೊಂಜಿಯಾಗೆ ತಂತಿ ಅಂಟಿಸಿದರು. ಅವಳ ಗೆರೆ ತಣ್ಣಗೆ ಮಲಗಿತ್ತು. ನೋಡಿದೆಯಾ ಎಂಬಂತೆ ನನ್ನ ಕಡೆ ಹುಬ್ಬು ಹಾರಿಸಿದಳು.

ಆಗ ಇಬ್ತಿಹೆಲ್ ಅಂದಳು, ಇದೂ ಪರೀಕ್ಷೆಯ ಭಾಗವಂತೆ: "ಈಗ ಇವರ ಬಾಯಿ ನೋಡ್ಕೊಂಡು ನೀವೂ ಹಾಗೇ ಮಾಡಿ, ಖಾಲಾ. ಐದು ನಿಮಿಷ."

ಮೊಂಜಿಯಾ ಹುರುಪಿನಿಂದಲೇ ಶುರುಮಾಡಿದಳು. ವರ್ಷವಿಡೀ ಓಣಿಯಲ್ಲಿ ನನ್ನನ್ನು ಅಣಕಿಸಿ ಅಭ್ಯಾಸವಲ್ಲವೇ. ಚೆನ್ನಾಗಿಯೇ ಮಾಡಿದಳು, ಸ್ವಲ್ಪ ಹೊತ್ತು. ಆಮೇಲೆ ತಾಳ ತಪ್ಪಿತು. ಹಣೆಯಲ್ಲಿ ಬೆವರು. ಉಪವಾಸದ ಬಾಯಿ, ಎಂಜಲೂ ಇಲ್ಲ. ಅರ್ಧಕ್ಕೇ ಕೆನ್ನೆ ಹಿಡಿದುಕೊಂಡಳು.

"ಸಾಕಮ್ಮಾ. ನೋಯ್ತಿದೆ."

ಕಂಪ್ಯೂಟರಿನಲ್ಲಿ ಅವಳ ಗೆರೆ ಕುಂಟುತ್ತಿತ್ತು, ಮೇಲೆ ನನ್ನದು ಓಡುತ್ತಲೇ ಇತ್ತು. ಬೇಕೆಂದೇ ಮಾಡುವವರು ಎಲ್ಲರೂ ಹೀಗೇ ಸುಸ್ತಾಗುತ್ತಾರೆ ಎಂದಳು ಇಬ್ತಿಹೆಲ್. ಮೊಂಜಿಯಾ ಎರಡೂ ಗೆರೆ ನೋಡಿದಳು, ಆಮೇಲೆ ನನ್ನ ಬಾಯಿ. ಹೋದ ರಂಜಾನಿನಿಂದೀಚೆಗೆ ನನ್ನೊಡನೆ ಆಡಿದ ಮೊದಲ ಮಾತು:

"ದಿನಾ ಪೂರ್ತಿ ಹೀಗೇನಾ ನಿಂಗೆ?"

"ಮಾತಾಡುವಾಗ, ಆಮೇಲೆ ನಿದ್ದೇಲಿ ಮಾತ್ರ ನಿಲ್ಲುತ್ತೆ, ಅತ್ತಿಗೆ."

ವಾಪಸ್ ಬರುವಾಗ ಹಿಂದಿನ ಸೀಟಿಗೆ ಬಂದು ಕೂತಳು. ಅವಳ ಕೈ ನನ್ನ ಮಡಿಲಲ್ಲಿತ್ತು. ಮನೆ ಬರುವ ತನಕ ಅಳುತ್ತಲೇ ಇದ್ದೆ. ಮನಸ್ಸು ಹಗುರ, ಎಷ್ಟು ಹಗುರ.

ಮಾರ್ಚ್ 24, ಸಂಜೆ

ಇಷ್ಟು ದಿನ ಬರೆಯಲಿಲ್ಲ. ಬಾಕಿ ಉಳಿದ ಮಾತೆಲ್ಲ ಆಡಿ ಮುಗಿಯಬೇಕಲ್ಲ. ಈಗ ಓಣಿಯಲ್ಲಿ ಯಾರಾದರೂ ಗಮ್ ಎಂದರೆ ಮೊಂಜಿಯಾ ಅವರನ್ನು ಹಿಡಿದು ನಿಲ್ಲಿಸುತ್ತಾಳೆ — ನೀನೇ ಐದು ನಿಮಿಷ ಅಗಿದು ತೋರಿಸು ಅಂತ.

ಇವತ್ತು ಡಾಕ್ಟರ್ ಹಳೆಯ ಗೆರೆ, ಹೊಸ ಗೆರೆ ಪಕ್ಕಪಕ್ಕ ಇಟ್ಟರು. ಹೊಸವು ಕುಳ್ಳಗಾಗಿವೆ. ಪೂರ್ತಿ ಹೋಗುತ್ತದೆಂಬ ಭರವಸೆ ಕೊಡಲಿಲ್ಲ, ಇಳಿಯುತ್ತಿದೆ ಎಂದರು. ಸಾಕು. ಮಧ್ಯಾಹ್ನ ಒಂದು ಗುಂಡುಸೂಜಿ ತುಟಿಯಲ್ಲಿಟ್ಟು ನೋಡಿದೆ. ಒಂದು ತೋಳಿನ ಅಂಚು ಹೊಲಿದು ಮುಗಿಯುವ ತನಕ ನಿಂತು, ಆಮೇಲೆ ಬಿತ್ತು.

ಅಡುಗೆಮನೆಯಲ್ಲಿ ಮೊಂಜಿಯಾ ಬ್ರಿಕ್, ಅಂದರೆ ಮೊಟ್ಟೆ ತುಂಬಿದ ತೆಳು ಹಾಳೆಯ ಕಡುಬು, ಕರಿಯುತ್ತಿದ್ದಾಳೆ. ಅಲ್ಲಿಂದಲೇ ಕೂಗಿದಳು: "ಬರೆದದ್ದು ಸಾಕು, ಬಾರೇ. ಅಗಿಯೋ ಕೆಲಸ ಇದೆ."

ಉಪವಾಸ ಬಿಡುವ ಹೊತ್ತಿನ ಫಿರಂಗಿ ಹೊಡೆಯಿತು. ಇನ್ನು ಬೆಳಗಿನ ತನಕ ನಾನು ಎಷ್ಟು ಅಗಿದರೂ ಯಾರೂ ಏನೂ ಅನ್ನುವಂತಿಲ್ಲ.