ಅಳಿಸಿಹೋದ ಚಿತ್ರ ನೋಡಿದ ಭಾನುವಾರ

ಸ್ಯಾನ್ ಆಂಟೋನಿಯೊ
ಮಾರ್ಚ್ 13, 2001

ಪ್ರೀತಿಯ ಕೊಮಾದ್ರೆ ಗ್ರಾಸಿಯೆಲಾ,

1974ರ ಅಕ್ಟೋಬರ್‌ನಲ್ಲಿ ಟಿವಿ ಕೇಂದ್ರದವರು ನಾವು ತೆಗೆದ ಸಾಕ್ಷ್ಯಚಿತ್ರವನ್ನು ಅಳಿಸಿ, ಅದೇ ಟೇಪಿಗೆ ಬೇಸ್‌ಬಾಲ್ ಪಂದ್ಯ ತುಂಬಿಕೊಂಡರು. ಇಪ್ಪತ್ತಾರು ವರ್ಷ ಕಳೆದರೂ ಒಬ್ಬರೂ ತಪ್ಪಾಯಿತು ಎಂದಿಲ್ಲ.

ಕುಶಲ ಕೇಳುವ ಮೊದಲೇ ಜಗಳ ತೆಗೆದಳು ಎನ್ನಬೇಡ. ಮಂಡಿನೋವು ಹೇಗಿದೆ? ನಿನ್ನ ಮಡಿಲಲ್ಲಿ ದೀಕ್ಷಾಸ್ನಾನವಾಗಿ ನಿನ್ನನ್ನು ನನಗೆ ಕೊಮಾದ್ರೆಯಾಗಿಸಿದ ನನ್ನ ಮಗಳು ಹೂಸ್ಟನ್‌ನಿಂದ ನಿನಗೆ ಮುತ್ತು ಕಳಿಸಿದ್ದಾಳೆ. ಎರಡು ತಿಂಗಳು ಉತ್ತರಿಸದಿದ್ದಕ್ಕೆ ಕ್ಷಮಿಸು. ಬರೆಯಲು ಕೂತಾಗಲೆಲ್ಲ ಕೈ ನಿಂತುಬಿಡುತ್ತಿತ್ತು.

ನಮ್ಮ ಲ್ಯಾಟಿನೊ ಸ್ವತಂತ್ರ ನಿರ್ಮಾಪಕರ ಸಂಘ ಕಡೆಗೂ ರೂಪ ಪಡೆಯುತ್ತಿದೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಫಿಡೆನ್ಸಿಯೊನ ಗ್ಯಾರೇಜಿನಲ್ಲಿ ಸೇರುತ್ತೇವೆ. ನಮ್ಮ ಹಳೆಯ ಕ್ಯಾಮೆರಾದವನಿಗೆ ಈಗ ಬಾಯಲ್ಲಿ ಹಲ್ಲಿಲ್ಲ, ಬಾಯಿಗೆ ಬೀಗವೂ ಇಲ್ಲ. ಲರೆಡೊ, ಎಲ್ ಪಾಸೊಗಳಿಂದ ಹುಡುಗ ಹುಡುಗಿಯರು ಬರುತ್ತಾರೆ. ಒಬ್ಬರಿಗೆ ಮೈಕು ಬೇಕು, ಇನ್ನೊಬ್ಬರಿಗೆ ಕರಾರು ಓದಿಕೊಡುವವರು. ಯಾರು ಏನೇ ತಯಾರಿಸಲಿ, ಎರಡನೆಯ ಪ್ರತಿ ಸಂಘದ ಬೀರುವಿನಲ್ಲಿ ಇರಬೇಕೆಂಬುದು ಮೊದಲ ನಿಯಮ. ನಾವೋ, ಇದ್ದೊಂದು ಪ್ರತಿಯನ್ನೇ ಟಿವಿ ಕೇಂದ್ರಕ್ಕೆ ಕೊಟ್ಟು ಬಂದವರು! ನೀನು ಅಲ್ಲಿ ಕೆಲಸಕ್ಕಿದ್ದೆ. ರಸೀದಿ ಕೇಳಿದರೆ ಮನೆಯವಳನ್ನೇ ಅನುಮಾನಿಸಿದಂತೆ ಎನಿಸಿತ್ತು.

ಮೊನ್ನೆ ರೇಡಿಯೊ ಕಾರ್ಯಕ್ರಮ ಮಾಡುವ ಇತ್ಸೆಲ್ ಎಂಬ ಹುಡುಗಿ, "ಅಳಿಸಿದ ಆ ಚಿತ್ರದಲ್ಲಿ ಏನಿತ್ತು, ದೋನ್ಯಾ ಎರ್ಲಿಂಡಾ?" ಎಂದಳು.

"ಹೇಳಿದ್ರೆ ಆಗಲ್ಲ, ನೋಡ್ಬೇಕು," ಎಂದು ಫಿಡೆನ್ಸಿಯೊ ಬಿಳಿ ಹೊದಿಕೆ ಕಟ್ಟಿ ಖಾಲಿ ಪ್ರೊಜೆಕ್ಟರ್ ಹಚ್ಚಿದ. ಬರೀ ಬೆಳಕು. "ಈಗ ಪೆಕನ್ ಕಾಯಿ ಸುಲಿಯೋ ಮುದುಕಿಯರು ಬರ್ತಾರೆ."

"ಎಡಗಡೆಯಿಂದ," ಎಂದೆ.

"ಸುಮ್ನಿರೇ, ಕ್ಯಾಮೆರಾ ಹಿಡಿದಿದ್ದು ನಾನು!"

"ಹಿಡಿದಿದ್ದೆ ಕಣಪ್ಪ, ಲೆನ್ಸಿನ ಮುಚ್ಚಳ ತೆಗೆಯೋದೊಂದು ಮರೆತಿದ್ದೆ!"

ಎಲ್ಲರೂ ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು. ಬೆಳಕಿನಲ್ಲಿ ತೇಲುತ್ತಿದ್ದ ಕಣಗಳು ಕಾಯಿಯ ಸಿಪ್ಪೆಯ ಧೂಳಿನಂತೆ ಕಂಡವು. ಆ ಧೂಳಿನೊಳಗಿಂದ ನಿನ್ನ ತಾಯಿ ಗುನುಗುತ್ತಾ ಬಂದು ಕೂತರು.

"ಅವ್ರು ತಿರುಗಿ ನಮ್ಮನ್ನೇ ನೋಡಿದ್ರು," ಎಂದಳು ಚಿತ್ರ ತೆಗೆದಾಗ ಇನ್ನೂ ಹುಟ್ಟಿರದಿದ್ದ ಇತ್ಸೆಲ್.

ಚಿತ್ರದಲ್ಲಿ ಅವರು ನಿಜಕ್ಕೂ ತಿರುಗಿ ನೋಡುತ್ತಿದ್ದರು. ಅದನ್ನು ನಾನಾಗಲಿ ಫಿಡೆನ್ಸಿಯೊ ಆಗಲಿ ಅವಳಿಗೆ ಹೇಳಿರಲಿಲ್ಲ.

ಏಪ್ರಿಲ್ 22ಕ್ಕೆ ಸಂಘದ ಅಧ್ಯಕ್ಷರ ಆಯ್ಕೆ. ಎಲ್ಲರ ಬಾಯಲ್ಲೂ ನಿನ್ನದೇ ಹೆಸರು. "ಕೇಂದ್ರದೊಳಗೆ ಕೂತು ನಮ್ಮೋರಿಗಾಗಿ ಒಬ್ರೇ ಹೊಡೆದಾಡಿದೋರು" ಎನ್ನುತ್ತಾರೆ. ನಾನು ಇನ್ನೂ ಹೂಂ ಅಂದಿಲ್ಲ.

ಗುವಾದಲೂಪೆಯ ಮಾತೆ ನಿನ್ನ ಹೊಸ್ತಿಲು ಕಾಯಲಿ, ನಿನ್ನ ಕಾಲಿಗೆ ಬಲ ಕೊಡಲಿ.

ನಿನ್ನ
ಎರ್ಲಿಂಡಾ

ತಾ.ಕ.: ಕಟ್ಟಡ ಬದಲಾಯಿಸುವಾಗ ಕೇಂದ್ರದವರು ಎಸೆದ ಕಾಗದಗಳ ಪೆಟ್ಟಿಗೆಯನ್ನು ಫಿಡೆನ್ಸಿಯೊ ಜನವರಿಯಲ್ಲಿ ನನಗೆ ತಂದುಕೊಟ್ಟ. ಅವನು ಬಿಚ್ಚಿ ನೋಡಿರಲಿಲ್ಲ, ನಾನು ನೋಡಿದೆ. ಟೇಪು ಅಳಿಸಲು ಒಪ್ಪಿಗೆ ಕೊಟ್ಟ ಹಾಳೆಯ ಮೇಲಿನ ಸಹಿ ನಿನ್ನದು. ಹೆದರಿ ಮಾಡಿದೆಯೋ, ಓದದೆ ಮಾಡಿದೆಯೋ ನಾನರಿಯೆ. ನನಗೆ ಪತ್ರದಲ್ಲಿ ಉತ್ತರ ಬೇಡ, ಗ್ರಾಸಿಯೆಲಾ. 22ಕ್ಕೆ ಬಾ. ಮತಕ್ಕೆ ಒಂದು ಕೈಯೂ ಮೇಲೇಳುವ ಮೊದಲು, ಎಲ್ಲರೆದುರು ನಿಂತು ಹೇಳು: ನಿನ್ನ ತಾಯಿಯನ್ನು ಯಾಕೆ ಅಳಿಸಿದೆ?