ಬಲಗಡೆಯ ಸೈಕಲ್

ಕೆಂಪುಗುಡ್ಡ ಅಗ್ನಿಶಾಮಕ ಠಾಣೆ
ನಾಲ್ಕನೇ ಬೇಸಿಗೆಯ ಹದಿನಾರನೇ ದಿನ, ೨೨೦೩

ಯಮನೂರಪ್ಪನವರಿಗೆ ಶರಣು.

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಹರಿಯಬೇಡಿ. ನಾವು ವರ್ಷವನ್ನು ಐದು ಬೇಸಿಗೆಗಳಾಗಿ ಎಣಿಸುತ್ತೇವೆ. ಮಳೆಗಾಲ ಮೂರನೆಯದರೊಳಗೆ ಹೇಗೋ ಬಂದು ಹೋಗುತ್ತದೆ. ನಮ್ಮ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಹುಲಿಗೆಮ್ಮ. ನೀವು ಕೆಲಸ ಮಾಡುತ್ತಿರುವ ಇದೇ ಠಾಣೆಯಲ್ಲಿ ಹೊಸಬರಿಗೆ ತರಬೇತಿ ಕೊಡುವವಳು. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಮ್ಮುಖ ಅಂಚೆ ಈಗ ಬಂದಿದೆ. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಜನ ಸಾಮಾನ್ಯವಾಗಿ ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ.

ಮುಂದೊಂದು ದಿನ ನೀವು ಹನ್ನೊಂದು ನಿಮಿಷದ ಒಂದು ವಿಡಿಯೊ ತೆಗೆಸುತ್ತೀರಿ. ಹೊಗೆ ತುಂಬಿದ ಕೋಣೆಯಲ್ಲಿ ಬಿದ್ದವರನ್ನು ಹುಡುಕುವುದು ಹೇಗೆಂದು ತೋರಿಸುವ ವಿಡಿಯೊ. ನಿಮ್ಮ ಕಾಲದ್ದೆಂದು ನಮಗೆ ಉಳಿದಿರುವುದು ಅದೊಂದೇ, ಅದರ ದನಿಯೂ ಅಳಿಸಿಹೋಗಿದೆ. ನಿಮ್ಮ ಹೆಸರು ಗೊತ್ತಾದದ್ದು ಅಂಗಿಯ ಮೇಲಿನ ಪಟ್ಟಿಯಿಂದ. ನೀವು ಮರಳು ತುಂಬಿದ ಗೋಣಿಚೀಲವೊಂದನ್ನು ಎಳೆದು ತಂದು ಬಾಗಿಲಿನ ಎಡಮೂಲೆಗೆ ಹಾಕುತ್ತೀರಿ. ಬಲಗಡೆ ಗೋಡೆಗೆ ಒಂದು ಸೈಕಲ್ ಒರಗಿದೆ. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತೆವಳುತ್ತ ಒಳಗೆ ಬರುತ್ತೀರಿ, ನಿಮ್ಮ ಬಲಗೈ ಸೈಕಲ್ಲಿನ ಗಾಲಿಗೆ ತಗಲುತ್ತದೆ, ಎಡಕ್ಕೆ ತಿರುಗಿ ಚೀಲ ಹಿಡಿಯುತ್ತೀರಿ.

ನಾವು ಕಲಿಸುವುದೂ ಹಾಗೆಯೇ. ನಸುಕಿನಲ್ಲಿ ಪೈಪು ಬಿಚ್ಚಿ ಸುತ್ತುವುದು, ಆಮೇಲೆ ಏಣಿ, ಆಮೇಲೆ ರೊಟ್ಟಿ. ರೊಟ್ಟಿ ತಿಂದವರಿಗೆ ಜಡಕೋಟು ತೊಡಿಸುತ್ತೇವೆ. ಅದು ಬೆರಳ ತುದಿಯವರೆಗೂ ಮುಚ್ಚುವ, ಬೆಂಕಿಯ ಕಾವನ್ನು ಒಳಗೆ ಬಿಡದ ಬಟ್ಟೆ. ಕಾವಷ್ಟೇ ಅಲ್ಲ, ಬೇರೇನನ್ನೂ ಬಿಡುವುದಿಲ್ಲ. ಬೆರಳಿಗೆ ಏನೋ ಗಟ್ಟಿಯಾದದ್ದು ತಗಲಿತು ಎಂದಷ್ಟೇ ತಿಳಿಯುತ್ತದೆ. ಇಪ್ಪತ್ತು ವರ್ಷ ತೊಟ್ಟ ನನಗೆ ಈಗ ಕಳಚಿಟ್ಟ ಮೇಲೂ ಕೈ ಜೋಮು ಹಿಡಿದಂತೆಯೇ ಇರುತ್ತದೆ. ಕೋಟು ತೊಟ್ಟವರನ್ನು ಒಬ್ಬೊಬ್ಬರಾಗಿ ಹೊಗೆಮನೆಗೆ ಬಿಡುತ್ತೇವೆ. ಎಡಮೂಲೆಯಲ್ಲಿ ಮರಳಿನ ಚೀಲ. ಅವನಿಗೆ ಗೋಣ್ಯಪ್ಪ ಎಂದು ಹೆಸರು. ಬಲಗಡೆ ಸೈಕಲ್. ನಮ್ಮೂರಲ್ಲಿ ಸೈಕಲ್ ತುಳಿಯಬಲ್ಲವರು ಒಬ್ಬರೂ ಇಲ್ಲ. ವಿಡಿಯೊದಲ್ಲಿದೆ ಎಂಬ ಒಂದೇ ಕಾರಣಕ್ಕೆ, ತುಕ್ಕು ತಿಂದಾಗಲೆಲ್ಲ ಇನ್ನೊಂದನ್ನು ಎಲ್ಲಿಂದಲೋ ಹುಡುಕಿ ತಂದು ನಿಲ್ಲಿಸುತ್ತೇವೆ. ಗಾಲಿ ಮುಟ್ಟು, ಎಡಕ್ಕೆ ತಿರುಗು. ಪಾಠ ಅಷ್ಟೇ. ಯಾಕೆ ಮುಟ್ಟಬೇಕೆಂದು ಕಲಿಯುವಾಗ ನಾನೂ ಕೇಳಿದ್ದೆ. “ಹಿರ್ಯಾರು ಹಾಕಿಕೊಟ್ಟದ್ದೈತಿ, ಸುಮ್ನ ಮುಟ್ಟು” ಅಂದರು ನನಗೆ ಕಲಿಸಿದವರು. ಈ ವರ್ಷ ದ್ಯಾಮವ್ವ ಕೇಳಿದಾಗ ನಾನೂ ಅದನ್ನೇ ಅಂದೆ.

ದ್ಯಾಮವ್ವ ಎರಡು ಮಕ್ಕಳ ತಾಯಿ, ಈ ಸಲದ ತಂಡದಲ್ಲಿ ಎಲ್ಲರಿಗಿಂತ ಚುರುಕು. ಹನ್ನೆರಡು ದಿನದ ಹಿಂದೆ, ಮಟಮಟ ಮಧ್ಯಾಹ್ನ, ಪೀರಮ್ಮನ ಗಾದಿ ಅಂಗಡಿಗೆ ಬೆಂಕಿ ಬಿತ್ತು. ಪೀರಮ್ಮ ನಮಗೆ ಬೇಕಾದವಳು. ಗೋಣ್ಯಪ್ಪನ ಭುಜ ಹರಿದಾಗಲೆಲ್ಲ ಹೊಲಿದು ಕೊಡುತ್ತಿದ್ದವಳು ಅವಳೇ. “ಎಷ್ಟಂತ ಎಳದಾಡ್ತೀರಿ ಇವನ್ನ, ಇನ್ನರ ಒಂದು ಹೆಣ್ಣು ನೋಡ್ರಿ” ಎಂದು ನಗುತ್ತಿದ್ದಳು. ದ್ಯಾಮವ್ವ ಒಳಗೆ ಹೋದಳು. ನಾನು ಬಾಗಿಲಲ್ಲಿ ಹಗ್ಗ ಹಿಡಿದು ನಿಂತಿದ್ದೆ. ಒಂದೂವರೆ ನಿಮಿಷಕ್ಕೆ ಹೊರಗೆ ಬಂದು, “ರೂಮು ಖಾಲಿ ಐತ್ರಿ, ಅಕ್ಕಾರ” ಅಂದಳು. ನಾನು ಇನ್ನೊಬ್ಬರನ್ನು ಕಳಿಸಲಿಲ್ಲ.

ಬೆಂಕಿ ಆರಿದ ಮೇಲೆ ಪೀರಮ್ಮ ಸಿಕ್ಕಿದಳು. ಬಾಗಿಲಿನ ಬಲಗಡೆ, ಹೊಲಿಗೆ ಮಶೀನಿನ ಹಿಂದೆ, ಹೊಸ್ತಿಲಿನಿಂದ ಎರಡು ಮೊಳ ದೂರ. ಕಾಲಲ್ಲಿ ತುಳಿಯುವ ಮಶೀನು, ಅದಕ್ಕೊಂದು ದೊಡ್ಡ ಗಾಲಿ. ದ್ಯಾಮವ್ವನ ಕೈಗೆ ಮೊದಲು ತಗಲಿದ್ದು ಅದೇ. “ಗಾಲಿ ಸಿಕ್ತ್ರಿ, ಎಡಕ್ಕ ಹೊಳ್ಳಿದೆ” ಎಂದು ಆವತ್ತಿನಿಂದ ಅದೊಂದೇ ಮಾತು ಆಡುತ್ತಾಳೆ. ಠಾಣೆಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಊಟ ಮುಂದಿಟ್ಟರೆ ಉಣ್ಣುತ್ತಾಳೆ, ಇಡದಿದ್ದರೆ ಇಲ್ಲ.

ಬೇಜವಾಬ್ದಾರಿ ಎಂದು ಅವಳನ್ನು ಕೆಲಸದಿಂದ ತೆಗೆಯುತ್ತಾರೆ. ನಾಳೆ ಹತ್ತು ಗಂಟೆಗೆ ಕೊನೆಯ ವಿಚಾರಣೆ. ತರಬೇತಿಯಲ್ಲಿ ಏನಾದರೂ ಲೋಪವಿತ್ತೇ ಎಂದು ಮೊನ್ನೆ ನನ್ನನ್ನು ಕೇಳಿದರು. ಇರಲಿಲ್ಲ, ಎಲ್ಲ ಪಾಠದ ಪ್ರಕಾರವೇ ನಡೆದಿದೆ ಎಂದು ಹೇಳಿ ಸಹಿ ಹಾಕಿದೆ. ದ್ಯಾಮವ್ವ ಪಕ್ಕದಲ್ಲೇ ಇದ್ದಳು. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಪೀರಮ್ಮನನ್ನು ಮಣ್ಣು ಮಾಡುವಾಗ ಅಳುವೂ ಬರಲಿಲ್ಲ. ಮನೆಗೆ ಹೋಗಿ ಬಟ್ಟೆ ಒಗೆದೆ.

ಹಾಗಾಗಿ ನಿಮ್ಮಲ್ಲಿ ಒಂದು ಬೇಡಿಕೆ. ಆ ಸೈಕಲ್ ನಿಮ್ಮದೇ ಇರಬೇಕು. ಹ್ಯಾಂಡಲಿನಲ್ಲಿ ಬುತ್ತಿಯ ಡಬ್ಬಿ ತೂಗುತ್ತಿದೆ. ಬಿಸಿಲಿಗೆ ಅನ್ನ ಹಳಸೀತೆಂದು ಒಳಗೆ ತಂದಿರಬಹುದು, ಆ ಜಾಗ ಸಿಗದೆ ಚೀಲವನ್ನು ಎಡಕ್ಕೆ ಹಾಕಿರಬಹುದು. ನಿಮ್ಮ ತಪ್ಪೇನಿಲ್ಲ. ವಿಡಿಯೊ ತೆಗೆಸುವ ದಿನ ಅದನ್ನು ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿ. ಚೀಲವನ್ನು ಒಮ್ಮೆ ಬಲಕ್ಕೆ, ಒಮ್ಮೆ ಬಾಗಿಲ ಹಿಂದೆ, ಒಮ್ಮೆ ಮಂಚದ ಕೆಳಗೆ ಹಾಕಿ. ಎಲ್ಲ ಕಡೆ ಕೈಯಾಡಿಸಿ ತೋರಿಸಿ.

ನಾಳೆ ಬೆಳಿಗ್ಗೆ, ವಿಚಾರಣೆಗೆ ಮೊದಲು, ವಿಡಿಯೊ ಹಾಕಿಕೊಂಡು ಕೂರುತ್ತೇನೆ. ಬಲಗಡೆ ಗೋಡೆ ಖಾಲಿಯಿದ್ದರೆ, ಯಾಕೆ ನೋಡುತ್ತಿದ್ದೇನೆಂದು ನನಗೇ ನೆನಪಿರುವುದಿಲ್ಲ. ಎದ್ದು, ಗೋಣ್ಯಪ್ಪನ ಭುಜ ಹೊಲಿಸಲು ಪೀರಮ್ಮನ ಅಂಗಡಿಗೆ ಹೋಗುತ್ತೇನೆ.

ಸೈಕಲ್ ಅಲ್ಲೇ ಇದ್ದರೆ, ಹತ್ತು ಗಂಟೆಗೆ ಹೋಗಿ ನನ್ನ ಸಹಿ ಹೊಡೆದುಹಾಕಿ, ದ್ಯಾಮವ್ವನಿಗೆ ಎಡಕ್ಕೆ ತಿರುಗಲು ಕಲಿಸಿದವಳು ನಾನು ಎಂದು ಬರೆದುಕೊಡುತ್ತೇನೆ.

ಇನ್ನೊಮ್ಮೆ ನಿಮಗೆ ಬರೆಯಲು ಆಗುವುದಿಲ್ಲ. ಬುತ್ತಿ ಹೊತ್ತಿಗೆ ಸರಿಯಾಗಿ ಉಣ್ಣಿರಿ.

ಹುಲಿಗೆಮ್ಮ